ಕಾಫಿ ಕೊಯ್ಲಿನ ಹೊತ್ತಿಗೆ ಜನ ಒಡೆಯದ ಹಾಗೆ ತೋಟ ನಡೆಸುವುದು

ಮೂಡಿಗೆರೆ, ಆಲ್ದೂರು, ಬಾಳೆಹೊನ್ನೂರು ಕಡೆಯ ಮಧ್ಯಮ ಗಾತ್ರದ ಕಾಫಿ ತೋಟವೂ ಒಂದು ಆಫೀಸೇ. ಮೇಜು, ಕುರ್ಚಿ ಕಡಿಮೆ ಇರಬಹುದು. ಪಕ್ಷಪಾತ, ಗುಂಪುಗಾರಿಕೆ, ಚಾಡಿ, ಸಾಹುಕಾರ್ರ ಕಿವಿ ಊದುವುದು ಇವೆಲ್ಲ ಇಲ್ಲೂ ಇವೆ. ನವೆಂಬರ್ ಕೊನೆಗೆ ಅರೇಬಿಕಾ ಹಣ್ಣಾಗಿ ದಿನಕ್ಕೆ ನಲವತ್ತು, ಐವತ್ತು ಜನ ತೋಟಕ್ಕೆ ಇಳಿಯತೊಡಗಿದ ಮೇಲೆ ಇವು ಒಂದೊಂದಾಗಿ ಮೇಲೆ ಬರುತ್ತವೆ. ಹೊಸದಾಗಿ ಮ್ಯಾನೇಜರ್ ಆಗಿ ಬಂದವರಿಗೆ, ಊರು ಬಿಟ್ಟು ಹೋಗಿ ಈಗ ಅಪ್ಪನ ತೋಟ ನೋಡಿಕೊಳ್ಳಲು ವಾಪಸ್ ಬಂದವರಿಗೆ ಈ ಬರಹ.

ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ತೋಟದ ಜಗಳಗಳಲ್ಲಿ ಹೆಚ್ಚಿನವು ಯಾರದೋ ಕೆಟ್ಟ ಗುಣದಿಂದ ಹುಟ್ಟುವುದಿಲ್ಲ. ಒಬ್ಬರ ಕಣ್ಣಿಗೆ ಮಾತ್ರ ಬೀಳುವ ಲೆಕ್ಕ ಎಲ್ಲಿದೆಯೋ ಅಲ್ಲಿ ಹುಟ್ಟುತ್ತವೆ. ಲೆಕ್ಕ ಬರೆಯುವ ರೈಟರು ಒಬ್ಬರೇ ನೋಡುವ ತಕ್ಕಡಿ, ಜನರನ್ನು ಕರೆತಂದು ಕೆಲಸ ಮಾಡಿಸುವ ಮೇಸ್ತ್ರಿ ಒಬ್ಬನೇ ಹಂಚುವ ಸಾಲು, ಮ್ಯಾನೇಜರ್ ಒಬ್ಬರೇ ಬರೆದುಕೊಳ್ಳುವ ಅಡ್ವಾನ್ಸ್. ಈ ಮೂರನ್ನು ನಾಲ್ಕು ಜನರ ಎದುರಿಗೆ ತನ್ನಿ. ಆಗ ಉಳಿಯುವ ರಾಜಕೀಯ ನಿಭಾಯಿಸುವಷ್ಟೇ ಇರುತ್ತದೆ.

ಮೊದಲ ವಾರ ಏನನ್ನೂ ಬದಲಿಸಬೇಡಿ

ಬಂದ ದಿನವೇ ಮೇಸ್ತ್ರಿಯನ್ನು ಬದಲಿಸುವುದು, ಕೆಲಸದ ಹೊತ್ತು ಬದಲಿಸುವುದು ಬೇಡ. ಚೆಕ್‌ರೋಲ್ (ಹಾಜರಿ ಪುಸ್ತಕ), ತೂಕದ ಪುಸ್ತಕ, ಅಡ್ವಾನ್ಸ್ ಪುಸ್ತಕ ಮತ್ತು ಗೋಣಿಚೀಲ, ಡೀಸೆಲ್, ಗೊಬ್ಬರದ ಸ್ಟಾಕ್ ಪುಸ್ತಕ, ಈ ನಾಲ್ಕನ್ನು ಹಿಂದಿನ ಕೊಯ್ಲಿನಿಂದ ಓದಿ. ಯಾರ ಹೆಸರಿಗೆ ತಪ್ಪದೆ ಪೂರ್ತಿ ಹಾಜರಿ ಬಿದ್ದಿದೆ, ಯಾರ ಅಡ್ವಾನ್ಸ್ ವರ್ಷವಾದರೂ ಇಳಿದಿಲ್ಲ, ಎಲ್ಲೆಲ್ಲಿ ತಿದ್ದಿದ ಗುರುತು ಹೆಚ್ಚಿದೆ ಅನ್ನುವುದನ್ನು ಒಂದು ಹಾಳೆಯಲ್ಲಿ ಗುರುತು ಮಾಡಿಕೊಳ್ಳಿ. ಯಾರನ್ನೂ ಕೇಳಲು ಹೋಗಬೇಡಿ, ಗುರುತಷ್ಟೇ ಸಾಕು.

ಇದೇ ವಾರ ಬೆಳಗಿನ ಹಾಜರಿಯನ್ನು ನೀವೇ ಕೂಗಿ. ಹೆಸರು ಕೂಗಿ ಮುಖ ನೋಡಿದರೆ ನಾಲ್ಕು ದಿನದಲ್ಲಿ ಎಲ್ಲರ ಪರಿಚಯವಾಗುತ್ತದೆ. ಇಲ್ಲದವರ ಹೆಸರಿಗೆ ಹಾಜರಿ ಬೀಳುವ ಅಭ್ಯಾಸ ಇದ್ದರೆ ಯಾರನ್ನೂ ಬೈಯದೆಯೇ ನಿಲ್ಲುತ್ತದೆ. ಆಮೇಲೆ ಕೂಗುವ ಕೆಲಸವನ್ನು ರೈಟರಿಗೆ ಬಿಟ್ಟು, ವಾರದಲ್ಲಿ ಎರಡು ದಿನ, ಇಂಥದ್ದೇ ದಿನ ಎಂದಿಲ್ಲದೆ, ಮಧ್ಯಾಹ್ನ ತೋಟದೊಳಗೆ ಹೋಗಿ ತಲೆ ಎಣಿಸಿ ಬನ್ನಿ. ಚೆಕ್‌ರೋಲ್ ಪೆನ್ನಿನಲ್ಲೇ ಬರೆಯಬೇಕು. ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಹಾಕಬೇಕು. ಬಿಳಿ ಬಣ್ಣ ಬಳಿದು ಮುಚ್ಚಿದ ಅಂಕಿ ಕಂಡರೆ ಆ ಪುಟವನ್ನು ಆಮೇಲೆ ಯಾರೂ ನಂಬುವುದಿಲ್ಲ, ಬರೆದವರು ಎಷ್ಟೇ ಪ್ರಾಮಾಣಿಕರಿರಲಿ.

ಸಾಲು ಹಂಚುವುದು

ಕೆ.ಜಿ. ಲೆಕ್ಕದ ಕೊಯ್ಲಿನಲ್ಲಿ ಸಾಲೇ ಸಂಬಳ. ಹಣ್ಣು ತುಂಬಿದ ಗಿಡಗಳ ಸಾಲು ಸಿಕ್ಕವರಿಗೂ, ಬಂಡೆ, ಇಳಿಜಾರು, ಕಾಯಿ ಕಡಿಮೆ ಇರುವ ಮೂಲೆ ಸಿಕ್ಕವರಿಗೂ ಸಂಜೆಯ ತೂಕದಲ್ಲಿ ಅರ್ಧಕ್ಕರ್ಧ ವ್ಯತ್ಯಾಸ ಬರಬಹುದು. ಮೇಸ್ತ್ರಿಯ ಹೆಂಡತಿ, ನಾದಿನಿ, ಊರಿನವರು ದಿನವೂ ಒಳ್ಳೆಯ ಸಾಲಿನಲ್ಲೇ ಇದ್ದರೆ ಮಿಕ್ಕವರಿಗೆ ಅದು ಕಾಣುತ್ತದೆ. ಬಾಯಿ ಬಿಟ್ಟು ಹೇಳುವುದಿಲ್ಲ. ಬದಲಿಗೆ ಕಾಯಿ ಸಮೇತ ಸವರಿಕೊಂಡು ಬರುತ್ತಾರೆ, ಕೊಂಬೆ ಮುರಿಯುತ್ತಾರೆ, ಮುಂದಿನ ಸೋಮವಾರ ಪಕ್ಕದ ತೋಟಕ್ಕೆ ಹೋಗುತ್ತಾರೆ.

ಸುಲಭದ ದಾರಿ ಚೀಟಿ ಎತ್ತುವುದು. ಹಿಂದಿನ ದಿನ ಸಂಜೆ ಮರುದಿನದ ಪ್ಲಾಟಿನ ಸಾಲುಗಳ ಮೊದಲ ಗಿಡಕ್ಕೆ ನಂಬರ್ ಬರೆದ ಬಟ್ಟೆ ಕಟ್ಟಿಸಿ. ಬೆಳಿಗ್ಗೆ ಹಾಜರಿ ಮುಗಿದ ಕೂಡಲೇ ಒಂದು ಡಬ್ಬಿಯಿಂದ ಚೀಟಿ ಎತ್ತಿಸಿ. ಗಂಡ-ಹೆಂಡತಿ, ತಾಯಿ-ಮಗಳು ಜೋಡಿಯಾಗಿ ಕೊಯ್ಯುವವರಿದ್ದರೆ ಜೋಡಿಗೆ ಅಕ್ಕಪಕ್ಕದ ಎರಡು ಸಾಲು ಸೇರಿಸಿ ಒಂದೇ ಚೀಟಿ ಮಾಡಿ. ಇದಕ್ಕೆ ಹಿಡಿಯುವುದು ಹೆಚ್ಚೆಂದರೆ ಹತ್ತು ನಿಮಿಷ. ಮೇಸ್ತ್ರಿಗೆ ಇದು ರುಚಿಸುವುದಿಲ್ಲ, ಏಕೆಂದರೆ ಅವನ ಕೈಯಲ್ಲಿದ್ದ ಒಂದು ಬಲ ಹೋಗುತ್ತದೆ. ಹಾಗಾಗಿ ಅವನಿಗೆ ಬೇರೆ ಗೌರವದ ಕೆಲಸ ಕೊಡಿ: ಯಾವ ಪ್ಲಾಟ್ ಮೊದಲು ಹಣ್ಣಾಗುತ್ತದೆ, ಎಲ್ಲಿ ಮೊದಲು ಇಳಿಯಬೇಕು ಅನ್ನುವ ತೀರ್ಮಾನದಲ್ಲಿ ಅವನ ಮಾತು ಮೊದಲು ಕೇಳಿ, ಎಲ್ಲರೆದುರಿಗೇ ಕೇಳಿ.

ಎಲ್ಲ ಕೊಯ್ಲಿಗೂ ಕೆ.ಜಿ. ಲೆಕ್ಕ ಸರಿಹೋಗುವುದಿಲ್ಲ. ಗಿಡದಲ್ಲಿ ಅಲ್ಲೊಂದು ಇಲ್ಲೊಂದು ಹಣ್ಣಾದ ಮೊದಲ ಬಿಡಿ ಕೊಯ್ಲಿಗೆ ಹಾಜರಿ ಲೆಕ್ಕ, ಅಂದರೆ ದಿನಗೂಲಿ ಇಡಿ. ತೂಕ ಬಾರದ ಕೆಲಸಕ್ಕೆ ತೂಕದ ಕೂಲಿ ಇಟ್ಟರೆ ಹಸಿರು ಕಾಯಿ ಚೀಲಕ್ಕೆ ಬೀಳುತ್ತದೆ. ಹಣ್ಣು ತುಂಬಿದ ನಡು ಕೊಯ್ಲಿಗೆ ಕೆ.ಜಿ. ಲೆಕ್ಕ. ಕಡೇ ಕೊಯ್ಲು ಮತ್ತು ಉದುರು ಹೆಕ್ಕುವುದಕ್ಕೆ ಮತ್ತೆ ಹಾಜರಿ. ಕಾಯಿಕೊರಕ ಮುಂದಿನ ಬೆಳೆಗೆ ದಾಟದಿರಲು ಉದುರಿದ್ದನ್ನೂ ಗಿಡದಲ್ಲಿ ಉಳಿದದ್ದನ್ನೂ ಪೂರ್ತಿ ತೆಗೆಯಬೇಕಲ್ಲ, ತೂಕಕ್ಕಾಗಿ ಅವಸರ ಮಾಡುವವರಿಂದ ಅದು ಆಗುವ ಕೆಲಸವಲ್ಲ. ಲೆಕ್ಕ ಬದಲಾಗುವ ದಿನವನ್ನು ಹಿಂದಿನ ದಿನವೇ ಹಾಜರಿಯಲ್ಲಿ ಹೇಳಿ. ಬೆಳಿಗ್ಗೆ ಕೊಯ್ದಾದ ಮೇಲೆ ಸಂಜೆ ಬಂದು 'ಇವತ್ತಿಂದ ಹಾಜರಿ' ಅಂದರೆ ಅದು ಮೋಸವೇ.

ತಕ್ಕಡಿ

ಇದರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಇಡೀ ದಿನದ ಅಸಮಾಧಾನ ಬಂದು ನಿಲ್ಲುವುದು ಇಲ್ಲಿಯೇ.

ಡಿಜಿಟಲ್ ತಕ್ಕಡಿಗೆ ತೂಕ ಮತ್ತು ಅಳತೆ ಇಲಾಖೆಯ ಮುದ್ರೆ ವರ್ಷಕ್ಕೊಮ್ಮೆ ಆಗಬೇಕು. ಕೊಯ್ಲು ಶುರುವಾಗುವ ಮೊದಲೇ ಮಾಡಿಸಿ, ಮುದ್ರೆಯ ಸರ್ಟಿಫಿಕೇಟನ್ನು ತೂಕದ ಜಾಗದಲ್ಲೇ ಅಂಟಿಸಿ. 20 ಕೆ.ಜಿ.ಯ ಒಂದು ಕಬ್ಬಿಣದ ಬಟ್ಟು ಇಟ್ಟುಕೊಳ್ಳಿ. ಪ್ರತಿ ಸಂಜೆ ಮೊದಲ ಚೀಲಕ್ಕೆ ಮುಂಚೆ ಅದನ್ನು ಎಲ್ಲರೆದುರು ತಕ್ಕಡಿಗೆ ಇಡಿ. ಅಂಕಿ 20 ತೋರಿಸಿದರೆ ಮಾತ್ರ ಮುಂದುವರಿಯಿರಿ. ತಕ್ಕಡಿ ಸಮತಟ್ಟಾದ ಹಲಗೆ ಅಥವಾ ಸಿಮೆಂಟಿನ ಮೇಲಿರಬೇಕು. ಟ್ರಾಕ್ಟರ್ ಟ್ರೈಲರಿನ ಮೇಲೆ, ಹುಲ್ಲಿನ ಮೇಲೆ ಇಟ್ಟರೆ ಅದು ದಿನಕ್ಕೊಂದು ಸುಳ್ಳು ಹೇಳುತ್ತದೆ.

ಅಂಕಿ ಕಾಣುವ ಮುಖ ಚೀಲ ತಂದವರ ಕಡೆಗಿರಲಿ. ರೈಟರು ಕುಳಿತ ಕಡೆಗೆ ತಿರುಗಿಸಿಟ್ಟ ತಕ್ಕಡಿ ತೋಟದಲ್ಲಿ ನೂರು ಅನುಮಾನಕ್ಕೆ ಸಾಕು.

ಗೋಣಿಯ ತೂಕ ಕಳೆಯುವುದರಲ್ಲಿ ಹುಷಾರಾಗಿರಿ. ಹತ್ತು ಖಾಲಿ ಚೀಲ ಒಟ್ಟಿಗೆ ತೂಗಿ ಹತ್ತರಿಂದ ಭಾಗಿಸಿ, ಬಂದದ್ದನ್ನು ಹಲಗೆಯ ಮೇಲೆ ಬರೆದಿಡಿ. ಮಂಜಿನಲ್ಲಿ, ಅಕಾಲದ ಮಳೆಯಲ್ಲಿ ನೆನೆದ ಗೋಣಿ ಒಣಗಿದ್ದಕ್ಕಿಂತ ಭಾರ. ಅಂಥ ದಿನ ಮತ್ತೆ ತೂಗಿ. 'ಒಟ್ಟಾರೆ ಎರಡು ಕೆ.ಜಿ. ಕಳೀರಿ' ಅನ್ನುವ ಹಳೆಯ ಅಭ್ಯಾಸ ಇದ್ದರೆ ಮೊದಲ ದಿನದಿಂದಲೇ ನಿಲ್ಲಿಸಿ.

ಅರ್ಧ ಕೆ.ಜಿ. ಬಿಡುವುದು ಸಣ್ಣ ವಿಷಯ ಅನ್ನಿಸಬಹುದು. ದಿನಕ್ಕೆ ಎರಡು ಸಲ ತೂಗಿ ಪ್ರತಿ ಸಲ ಅರ್ಧ ಕೆ.ಜಿ. ಬಿಟ್ಟರೆ 25 ದಿನಕ್ಕೆ ಒಬ್ಬರಿಗೆ 25 ಕೆ.ಜಿ. ಹೋಯಿತು. 40 ಜನಕ್ಕೆ 1000 ಕೆ.ಜಿ. ಹಣ್ಣು. ಒಣಗಿದ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಬೀಜ) ಲೆಕ್ಕದಲ್ಲಿ ಸುಮಾರು 200 ಕೆ.ಜಿ., ಅಂದರೆ 50 ಕೆ.ಜಿ.ಯ 4 ಮೂಟೆ, ಕೂಲಿ ಕೊಡದೆ ಕೊಯ್ಸಿದ ಹಾಗೆ. ಕೊಯ್ಯುವವರು ಈ ಲೆಕ್ಕವನ್ನು ಬರೆಯದೆ ಇದ್ದರೂ ಬಾಯಲ್ಲೇ ಮಾಡಬಲ್ಲರು. ತಕ್ಕಡಿ ತೋರಿಸಿದ ಅಂಕಿಯನ್ನು ಪಾಯಿಂಟ್ ಸಮೇತ ಬರೆಯಿರಿ.

ಬರೆಯುವಾಗ ಅಂಕಿಯನ್ನು ಗಟ್ಟಿಯಾಗಿ ಕೂಗಿ. ಪುಸ್ತಕಕ್ಕೆ ಒಂದು, ಕೊಯ್ದವರ ಕೈಯಲ್ಲಿ ಒಂದು, ಹೀಗೆ ಎರಡು ಕಡೆ ಬೀಳಬೇಕು. ಕಾರ್ಬನ್ ಇಟ್ಟ ಸಣ್ಣ ಚೀಟಿ ಪುಸ್ತಕ ಸಾಕು. ಈ ಕೈಚೀಟಿ ಯಾಕೆ ಬೇಕು ಅಂದರೆ, ತೋಟದಲ್ಲಿ ನಡೆಯುವ ಒಂದು ಜಾಣ ಮೋಸ ಬೇರೆ ಯಾವ ಲೆಕ್ಕದಲ್ಲೂ ಸಿಕ್ಕುವುದಿಲ್ಲ. ಎಲ್ಲರ ತೂಕದಿಂದ ಸ್ವಲ್ಪ ಸ್ವಲ್ಪ ಕಿತ್ತು ತಮಗೆ ಬೇಕಾದ ಒಬ್ಬರ ಹೆಸರಿಗೆ ಸೇರಿಸುವುದು ಅದು. ದಿನದ ಒಟ್ಟು ತೂಕ ಸರಿಯಾಗಿಯೇ ಇರುತ್ತದೆ, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಹೌಸಿನ ಲೆಕ್ಕವೂ ತಾಳೆಯಾಗುತ್ತದೆ. ಕೈಚೀಟಿಯನ್ನು ಪುಸ್ತಕದ ಪಕ್ಕ ಇಟ್ಟಾಗ ಮಾತ್ರ ಹೊರಗೆ ಬರುತ್ತದೆ. ವಾರಕ್ಕೊಮ್ಮೆ ಐದು ಜನರ ಚೀಟಿ ತರಿಸಿ ಹೋಲಿಸಿ. ಪ್ರತಿ ವಾರ ಬೇರೆ ಐದು ಜನ.

ಸರತಿಯ ಹೊತ್ತೂ ಲೆಕ್ಕದ್ದೇ. ಒಬ್ಬರಿಗೆ ಒಂದು ನಿಮಿಷ ಅಂದರೂ 40 ಜನಕ್ಕೆ 40 ನಿಮಿಷ. ಒಂದು ಗಂಟೆ ದಾಟಿದರೆ ಜನ ತಾಳ್ಮೆ ಕಳೆದುಕೊಳ್ಳುತ್ತಾರೆ, ಹಣ್ಣೂ ಕಾಯುವುದಿಲ್ಲ. ಕೊಯ್ದ ದಿನವೇ ಪಲ್ಪ್ ಆಗದಿದ್ದರೆ ಹಣ್ಣು ಚೀಲದಲ್ಲೇ ಬಿಸಿಯೇರಿ ಹುಳಿಯುತ್ತದೆ. 60 ಜನ ದಾಟಿದರೆ ಎರಡನೇ ತಕ್ಕಡಿ ತನ್ನಿ. ಎಳೆ ಮಕ್ಕಳ ತಾಯಂದಿರು ಮುಂದೆ ನಿಲ್ಲಲಿ ಎಂಬುದನ್ನು ಮೊದಲ ದಿನವೇ ನಿಯಮ ಮಾಡಿಬಿಡಿ. ಮಧ್ಯದಲ್ಲಿ ಮಾಡಿದರೆ ಅದೂ ಪಕ್ಷಪಾತವಾಗಿ ಕಾಣುತ್ತದೆ.

ಹಣ್ಣು ಕಡಿಮೆ ಬಿದ್ದಾಗ ಯಾರನ್ನು ಅನುಮಾನಿಸಬೇಕು

ಚೆನ್ನಾಗಿ ಹಣ್ಣಾದ ಅರೇಬಿಕಾ 100 ಕೆ.ಜಿ.ಗೆ ಒಣ ಪಾರ್ಚ್‌ಮೆಂಟ್ ಸುಮಾರು 20 ಕೆ.ಜಿ. ಸಿಗುತ್ತದೆ. ವಾರದ ತೂಕದ ಪುಸ್ತಕವನ್ನೂ ಕಣದಿಂದ ಗೋಡೌನಿಗೆ ಹೋದ ಮೂಟೆಗಳನ್ನೂ ಹೀಗೆ ತಾಳೆ ನೋಡಿ. ಅದು 16, 17ಕ್ಕೆ ಇಳಿದರೆ ತಕ್ಷಣ 'ಯಾರೋ ಕದ್ದರು' ಅನ್ನಬೇಡಿ. ಹಸಿರು ಕಾಯಿ, ನೀರಲ್ಲಿ ತೇಲಿದ ಜೊಳ್ಳು ಎಷ್ಟು ಬೇರೆಯಾಗಿ ಸಿಪ್ಪೆ ಸಮೇತ ಚೆರಿಯಾಗಿ ಒಣಗಲು ಹೋಯಿತು ನೋಡಿ. ಮಳೆಯಲ್ಲಿ ನೆನೆದ ಹಣ್ಣನ್ನು ತೂಗಿದ ದಿನಗಳಿದ್ದವೇ ನೋಡಿ, ಆ ನೀರಿನ ತೂಕಕ್ಕೂ ಕೂಲಿ ಹೋಗಿರುತ್ತದೆ. ಕಣದಲ್ಲಿ ಒಣಗಿಸುವುದು ಅತಿಯಾಯಿತೇ, ತೇವಾಂಶ 10 ಪರ್ಸೆಂಟಿಗಿಂತ ಕೆಳಗೆ ಹೋಯಿತೇ ಪರೀಕ್ಷಿಸಿ. ಪಲ್ಪರಿನ ಅಂತರ ತಪ್ಪಿ ಸಿಪ್ಪೆಯ ಜೊತೆ ಬೀಜ ಹೋಗುತ್ತಿದೆಯೇ ಎಂದು ಸಿಪ್ಪೆಯ ರಾಶಿಗೆ ಕೈಹಾಕಿ ನೋಡಿ. ಇಷ್ಟೆಲ್ಲ ಆದ ಮೇಲೆ ತಕ್ಕಡಿ. ಕೊನೆಗೆ ಕಳವು. ಕಣದವರ ಮೇಲೆ ಸುಳ್ಳು ಅನುಮಾನ ಒಂದು ಸಲ ಬಂದರೆ ಆ ಮನೆಯವರು ನಾಲ್ಕು ಕೊಯ್ಲಾದರೂ ಮರೆಯುವುದಿಲ್ಲ, ಮರೆಯಬೇಕಾಗಿಯೂ ಇಲ್ಲ.

ಬಟವಾಡೆ ಮತ್ತು ಅಡ್ವಾನ್ಸ್

ಬಟವಾಡೆ ಸಂತೆಯ ಹಿಂದಿನ ಸಂಜೆ ಆಗಬೇಕು. ಸಂತೆ ದಿನ ಮಧ್ಯಾಹ್ನ ಕೊಟ್ಟ ದುಡ್ಡಿಗೆ ಅರ್ಧ ಬೆಲೆ. ಹಾಜರಿ, ಕೆ.ಜಿ., ದರ, ಕಡಿದದ್ದು, ಉಳಿದದ್ದು ಐದೂ ಇರುವ ಚೀಟಿ ಕೊಡಿ. ತೂಕ ಬರೆದವರೇ ಬಟವಾಡೆ ಮಾಡಬಾರದು, ಒಬ್ಬರೇ ಎರಡೂ ಮಾಡಿದರೆ ತಪ್ಪು ಹಿಡಿಯುವವರು ಯಾರೂ ಇರುವುದಿಲ್ಲ. ಹೆಂಗಸರ ದುಡಿಮೆಯ ದುಡ್ಡು ಹೆಂಗಸರ ಕೈಗೆ ಅಥವಾ ಅವರದೇ ಖಾತೆಗೆ ಹೋಗಲಿ. ಗಂಡ ಬಂದು 'ನಂಗೇ ಕೊಡಿ' ಅಂದರೆ, 'ಅಕ್ಕನ ಸಹಿ ಬೇಕಲ್ಲ ಅಣ್ಣ, ಅವರೇ ಬರ್ಲಿ' ಅನ್ನಿ, ಅಷ್ಟೇ. ಒಂದೇ ಕೆಲಸಕ್ಕೆ ಗಂಡಿಗೆ ಒಂದು ಕೂಲಿ, ಹೆಣ್ಣಿಗೆ ಒಂದು ಕೂಲಿ ಇಡುವುದನ್ನು ಕಾನೂನೇ ತಡೆದಿದೆ. ಆದರೂ ನಡೆಯುವ ಕಡೆ ನಡೆಯುತ್ತಲೇ ಇದೆ. ನಿಮ್ಮ ತೋಟದಲ್ಲಿ ನಡೆಯಕೂಡದು.

ಅಡ್ವಾನ್ಸ್ ಕೊಡದೆ ಮಲೆನಾಡಿನಲ್ಲಿ ಕೊಯ್ಲಿಗೆ ಜನ ಸಿಗುವುದು ಕಷ್ಟ, ನಿಜ. ಆದರೆ 'ಸಾಲ ತೀರೋವರೆಗೂ ಹೋಗಂಗಿಲ್ಲ' ಅನ್ನುವ ಮಾತು ಬಂದ ಕೂಡಲೇ ಅದು ಜೀತ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಲ್ಲಿ ಅದು ಅಪರಾಧ. ಅಡ್ವಾನ್ಸನ್ನು ಒಂದು ಕೊಯ್ಲಿನೊಳಗೆ ತೀರುವಷ್ಟಕ್ಕೆ ಮಿತಿ ಮಾಡಿ, ಪ್ರತಿ ಬಟವಾಡೆಯಲ್ಲಿ ಎಷ್ಟು ಕಡಿಯುವುದು ಎಂದು ಮೊದಲೇ ಒಪ್ಪಿಕೊಂಡು, ಕೊಟ್ಟದ್ದು ಮತ್ತು ಕಡಿದದ್ದು ಎರಡನ್ನೂ ಅವರ ಪುಸ್ತಕದಲ್ಲೂ ಬರೆದುಕೊಡಿ. ಮೇಸ್ತ್ರಿಗೆ ಜನ ತಂದದ್ದಕ್ಕೆ ಕಮಿಷನ್ ಇದ್ದರೆ ತೋಟದ ಖರ್ಚಿನಲ್ಲಿ ಬೇರೆಯಾಗಿ ಕೊಡಿ. ಅದು ಕೂಲಿಯಿಂದ ಕಡಿತವಾದರೆ ಮೇಸ್ತ್ರಿಗೂ ಜನಕ್ಕೂ ನಡುವೆ ಸುಳ್ಳು ಶುರುವಾಗುತ್ತದೆ.

ಅಸ್ಸಾಂ ಕಡೆಯಿಂದ ಬಂದವರಿದ್ದರೆ ಇನ್ನಷ್ಟು ಎಚ್ಚರ. ಅವರ ಗುಂಪಿನ ಮುಖಂಡನಿಗೆ ಒಟ್ಟು ದುಡ್ಡು ಕೊಟ್ಟು ಕೈತೊಳೆದುಕೊಂಡರೆ ಯಾರಿಗೆ ಎಷ್ಟು ಸಿಕ್ಕಿತು ಗೊತ್ತಾಗುವುದಿಲ್ಲ. ಒಬ್ಬೊಬ್ಬರಿಗೂ ಕೈಚೀಟಿ, ಅದೂ ಅವರಿಗೆ ಓದಲು ಬರುವ ಅಂಕಿಯಲ್ಲಿ. ಆಧಾರ್ ಕಾರ್ಡಿನ ನಕಲು ಇಟ್ಟುಕೊಳ್ಳಿ, ಮೂಲ ಪ್ರತಿ ಯಾವತ್ತೂ ಇಟ್ಟುಕೊಳ್ಳಬೇಡಿ. ಊರಿನ ಮನೆಯವರ ಫೋನ್ ನಂಬರ್ ಬರೆದಿಡಿ. ಸ್ಥಳೀಯರು ಒಂದು ಕಡೆ, ಹೊರಗಿನವರು ಒಂದು ಕಡೆ ಎಂದು ಪ್ಲಾಟ್ ಬೇರೆ ಮಾಡಿದರೆ ಕೆಲಸ ಸುಲಭವೆನಿಸುತ್ತದೆ, ಆದರೆ ಯಾವ ಪ್ಲಾಟ್ ಯಾರಿಗೆ ಎನ್ನುವುದೇ ಹದಿನೈದು ದಿನದಲ್ಲಿ ಜಗಳವಾಗುತ್ತದೆ. ಚೀಟಿಯ ಡಬ್ಬಿ ಇಬ್ಬರಿಗೂ ಒಂದೇ ಇರಲಿ.

ಚಾಡಿ

ಸಂಜೆ ಏಳಕ್ಕೆ ಯಾರೋ ಒಬ್ಬರು ಜಗುಲಿಗೆ ಬಂದು, 'ಹೇಳ್ಬಾರ್ದು, ಆದ್ರೂ ಹೇಳ್ತೀನಿ ಸರ್' ಎಂದು ಶುರು ಮಾಡುತ್ತಾರೆ. ಕೇಳಿ, ತಡೆಯಬೇಡಿ. ಮೂರೇ ಪ್ರಶ್ನೆ ಕೇಳಿ: 'ನೀವೇ ನೋಡಿದ್ದಾ, ಯಾರಾದ್ರೂ ಹೇಳಿದ್ದಾ?', 'ಯಾವತ್ತು, ಯಾವ ಪ್ಲಾಟಲ್ಲಿ?', 'ಅವ್ರನ್ನ ಕರೆದು ನಿಮ್ಮೆದುರಿಗೆ ಕೇಳ್ಲಾ?' ಹುರುಳಿಲ್ಲದ ಮಾತಾದರೆ ಮೂರನೆಯದಕ್ಕೆ ಬರುವಷ್ಟರಲ್ಲಿ ಕರಗಿಹೋಗುತ್ತದೆ. ಹುರುಳಿದ್ದರೆ ದಿನ ಮತ್ತು ಪ್ಲಾಟ್ ಸಿಕ್ಕಿತು, ಪುಸ್ತಕ ತೆಗೆದು ನೋಡಬಹುದು. ಒಂದು ವಿಷಯ ಮಾತ್ರ ಬೇರೆ: ಹೆಂಗಸರ ಮೇಲಿನ ಕಿರುಕುಳದ ದೂರು ಬಂದರೆ ಮೂರನೆಯ ಪ್ರಶ್ನೆ ಕೇಳಲೇಬಾರದು. ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ 2013ರ ಕಾಯ್ದೆಯಂತೆ ಆಂತರಿಕ ಸಮಿತಿ ಇರಬೇಕು, ದೂರು ಅಲ್ಲಿಗೆ ಹೋಗಬೇಕು. ಅದಕ್ಕಿಂತ ಕಡಿಮೆ ಜನ ಇದ್ದರೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿ ಇದೆ.

ರಾತ್ರಿ ಕೇಳಿದ್ದಕ್ಕೆ ರಾತ್ರಿಯೇ ಫೋನ್ ಮಾಡಿ ಬೈಯುವುದು ದೊಡ್ಡ ತಪ್ಪು. ಹೇಳಿದವರಿಗೆ ಮರುದಿನ ಹಗುರ ಕೆಲಸ ಕೊಡುವುದು ಅದಕ್ಕಿಂತ ದೊಡ್ಡ ತಪ್ಪು. ಚಾಡಿಗೆ ಕೂಲಿ ಸಿಗುತ್ತದೆ ಎಂದು ತಿಳಿದ ಮೇಲೆ ಜಗುಲಿ ಖಾಲಿಯಾಗುವುದೇ ಇಲ್ಲ.

ರೈಟರು, ಮೇಸ್ತ್ರಿ, ಸಾಹುಕಾರ್ರು

ರೈಟರಿಗೂ ಮೇಸ್ತ್ರಿಗೂ ಹೊಂದಿಕೆಯಾಗದಿರುವುದು ಮಾಮೂಲು. ಯಾರ ಕೆಲಸ ಎಲ್ಲಿ ಮುಗಿಯುತ್ತದೆ ಎಂದು ಯಾರೂ ಹೇಳಿರುವುದಿಲ್ಲ, ಅದೇ ಕಾರಣ. ಒಂದು ಹಾಳೆಯಲ್ಲಿ ಬರೆದು ಇಬ್ಬರಿಗೂ ಕೊಡಿ: ತೋಟದೊಳಗಿನ ಕೆಲಸದ ಗುಣ ಮೇಸ್ತ್ರಿಯದು, ಹಾಜರಿ ಮತ್ತು ತೂಕ ರೈಟರದು, ದಿನದ ತೂಕದ ಪುಟಕ್ಕೆ ಮೇಸ್ತ್ರಿಯ ಸಹಿ, ಜೊತೆಗೆ ಕೊಯ್ಯುವವರು ಆರಿಸಿದ ಒಬ್ಬರ ಸಹಿ ಅಥವಾ ಹೆಬ್ಬೆಟ್ಟು. ಒಬ್ಬರ ಬರಹಕ್ಕೆ ಇನ್ನೊಬ್ಬರ ಸಹಿ ಬೇಕಾದಾಗ ಇಬ್ಬರೂ ಮಾತಾಡಲೇಬೇಕಾಗುತ್ತದೆ.

ಸಾಹುಕಾರ್ರು ಬೆಂಗಳೂರಲ್ಲಿದ್ದು ಫೋನಿನಲ್ಲಿ ತೋಟ ನಡೆಸುವವರಾದರೆ ನೇರವಾಗಿ ಮೇಸ್ತ್ರಿಗೇ ಕರೆ ಮಾಡುವುದುಂಟು. ಅವರಿಗೆ ಸುದ್ದಿಯ ಹಸಿವು, ನೀವು ಕೊಡದಿದ್ದರೆ ಬೇರೆ ಕಡೆ ಹುಡುಕುತ್ತಾರೆ. ಪ್ರತಿ ಸಂಜೆ ಆರೂವರೆಗೆ ವಾಟ್ಸಾಪಿನಲ್ಲಿ ಐದು ಸಾಲು ಕಳಿಸಿ: ಎಷ್ಟು ಜನ, ಯಾವ ಪ್ಲಾಟ್, ಎಷ್ಟು ಕೆ.ಜಿ., ಕಣದಲ್ಲಿ ಎಷ್ಟು, ನಾಳೆ ಎಲ್ಲಿ. ತಪ್ಪದೆ ಇಪ್ಪತ್ತು ದಿನ ಕಳಿಸಿದರೆ ಮೇಸ್ತ್ರಿಗೆ ಹೋಗುವ ಫೋನು ತಾನಾಗಿ ಕಡಿಮೆಯಾಗುತ್ತದೆ. ಆದರೂ ನಿಮಗೆ ತಿಳಿಯದ ಹಾಗೆ ಒಂದು ಆರ್ಡರ್ ಬಂದು ಜನ ಬೇರೆ ಪ್ಲಾಟಿಗೆ ಹೋಗಿದ್ದರೆ ಅಲ್ಲಿ ಜನರೆದುರು ತಡೆಯಬೇಡಿ. ಆ ದಿನ ನಡೆಯಲಿ. ರಾತ್ರಿ ಫೋನ್ ಮಾಡಿ, 'ಸರ್, ಮೇಸ್ತ್ರಿಗೆ ಹೇಳಿದ್ದು ಸರಿ, ಆದ್ರೆ ಕೆಳಗಿನ ಪ್ಲಾಟಲ್ಲಿ ಹಣ್ಣು ಉದುರೋಕೆ ಶುರುವಾಗಿತ್ತು. ಮುಂದೆ ನಂಗೊಂದು ಮಾತು ಹೇಳಿಬಿಡಿ, ನಾನೇ ಕಳಿಸ್ತೀನಿ' ಅನ್ನಿ. ಅವರ ಮನೆ ಕೆಲಸಕ್ಕೆ ಇಬ್ಬರನ್ನು ಕರೆಸಿಕೊಂಡರೆ ಚೆಕ್‌ರೋಲಿನಲ್ಲಿ 'ಮನೆ ಕೆಲಸ' ಎಂದು ಬೇರೆ ಕಾಲಂ ಮಾಡಿ ಬರೆಯಿರಿ. ತಿಂಗಳ ಕೊನೆಗೆ ಕೊಯ್ಲಿನ ಖರ್ಚು ಯಾಕೆ ಜಾಸ್ತಿ ಎಂಬ ಪ್ರಶ್ನೆಗೆ ಆ ಕಾಲಮ್ಮೇ ಉತ್ತರ ಹೇಳುತ್ತದೆ.

ಮಾತು, ಲೋಟ, ಆನೆ

ಏಕವಚನ ಬಿಡಿ. ನಿಮಗಿಂತ ಚಿಕ್ಕವರಿಗೂ ಹೆಸರಿನ ಜೊತೆ ಅಕ್ಕ, ಅಣ್ಣ ಸೇರಿಸಿ ಕರೆದರೆ ಮೇಸ್ತ್ರಿಯ ಬಾಯಿಯೂ ತಾನಾಗಿ ಮೃದುವಾಗುತ್ತದೆ. ತಪ್ಪು ತೋರಿಸುವುದಿದ್ದರೆ ಗಿಡದ ಹತ್ತಿರ ಕರೆದು ಗಿಡವನ್ನೇ ತೋರಿಸಿ, ಸಾಲಿನ ನಡುವೆ ಕೂಗಬೇಡಿ. ಪರಿಶಿಷ್ಟ ಜಾತಿ, ಪಂಗಡದವರನ್ನು ಜನರೆದುರು ಜಾತಿ ಹಿಡಿದು ಬೈಯುವುದು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಜೈಲಿಗೆ ಕಳಿಸುವ ಅಪರಾಧ. ಕಾನೂನು ಇಲ್ಲದಿದ್ದರೂ ಅದು ಮನುಷ್ಯರು ಆಡುವ ಮಾತಲ್ಲ. ಹತ್ತು ಗಂಟೆಯ ಕಾಫಿಗೆ ಲೋಟ ಬೇರೆ ಬೇರೆ ಇಡುವ ಪದ್ಧತಿ ನಿಮ್ಮ ತೋಟದಲ್ಲಿ ಉಳಿದಿದ್ದರೆ ಅದನ್ನು ನೀವೇ ಮುರಿಯಬೇಕು: ಎಲ್ಲರಿಗೂ ಒಂದೇ ತರದ ಸ್ಟೀಲ್ ಲೋಟ ತರಿಸಿ, ಮೊದಲ ದಿನ ಅದೇ ರಾಶಿಯಿಂದ ಒಂದು ಲೋಟ ಎತ್ತಿಕೊಂಡು ಅವರ ಜೊತೆಗೇ ಕುಡಿಯಿರಿ.

ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಭಾಗದಲ್ಲಿ ಆನೆಯ ವಿಷಯ ಎಲ್ಲಕ್ಕಿಂತ ಮುಂದೆ. ಅರಣ್ಯ ಇಲಾಖೆಯ ಸಂದೇಶ ನೋಡದೆ, ಕಾವಲಿನವರು ಪ್ಲಾಟ್ ಸುತ್ತಿ ಬಂದು ಹೇಳದೆ ಯಾರೂ ಒಳಗೆ ಇಳಿಯಬಾರದು. ಅದಕ್ಕಾಗಿ ಒಂದೆರಡು ಗಂಟೆ ತಡವಾದರೂ ಹಾಜರಿ ಪೂರ್ತಿ ಕೊಡಿ. ಕೆ.ಜಿ. ಲೆಕ್ಕದ ದಿನವಾದರೆ ಆ ಹೊತ್ತಿನ ಕೂಲಿ ಸೇರಿಸಿ. ಕೂಲಿ ಕಡಿದರೆ ಮುಂದಿನ ಸಲ ಆನೆಯ ಲದ್ದಿ ಕಂಡವರು ಹೇಳದೆ ಕೆಲಸಕ್ಕೆ ಇಳಿಯುತ್ತಾರೆ.

ಕೊಯ್ಲು ಮುಗಿದ ಮೇಲೆ

ಫೆಬ್ರವರಿ, ಮಾರ್ಚಿನಲ್ಲಿ ಜನ ಚದುರುತ್ತಾರೆ. ಆಗ ಕಸಿ (ಕೊಂಬೆ ಸವರುವುದು), ಚಿಗುರು ತೆಗೆಯುವುದು, ಬಿಳಿ ಕಾಂಡಕೊರಕ ತಗುಲಿದ ಗಿಡ ಹುಡುಕುವುದು ಇರುತ್ತದೆ. ಈ ಕೆಲಸಕ್ಕೆ ಯಾರನ್ನು ಉಳಿಸಿಕೊಳ್ಳುತ್ತೀರಿ ಎನ್ನುವುದನ್ನು ಕೆಲಸದವರು ವಾಸವಿರುವ ಇಡೀ ಲೈನ್‌ಮನೆ ಗಮನಿಸುತ್ತದೆ. ಕೊಯ್ಲಿನಲ್ಲಿ ಕೊಂಬೆ ಮುರಿಯದೆ, ಹಸಿರು ಕಾಯಿ ತರದೆ ದುಡಿದವರಿಗೆ ಮೊದಲು ಹೇಳಿ, ಕಾರಣವನ್ನೂ ಹೇಳಿ. ಕೊರಕದ ಗಿಡ ಹುಡುಕಲು ಗಿಡಕ್ಕಿಷ್ಟು ಎಂದು ದರ ಇಟ್ಟರೆ ಒಳ್ಳೆಯ ಗಿಡವೂ ಕತ್ತಿಗೆ ಬೀಳುತ್ತದೆ. ಹಾಜರಿ ಲೆಕ್ಕವೇ ಇರಲಿ, ಕಿತ್ತ ಕಾಂಡವನ್ನು ಸೀಳಿ ಒಳಗಿನ ಸುರಂಗ ತೋರಿಸಿ ಆಮೇಲೆ ಸುಡಲಿ.

ಅಕ್ಟೋಬರಿನಲ್ಲಿ ಮತ್ತೆ ತಕ್ಕಡಿಯ ಮುದ್ರೆ, ಗೋಣಿಚೀಲದ ಹೊಲಿಗೆ, ಕೈಚೀಟಿ ಪುಸ್ತಕದ ಪ್ರಿಂಟು. ಹೋದ ವರ್ಷ ಬಂದವರಿಗೆ ಮೇಸ್ತ್ರಿಯಿಂದ ಹೇಳಿಸದೆ ನೀವೇ ಒಂದು ಫೋನ್ ಮಾಡಿ, ಈ ಸಲದ ಕೆ.ಜಿ. ದರ ಎಷ್ಟು ಎಂದು ಅವರು ಹೊರಡುವ ಮೊದಲೇ ತಿಳಿಸಿ.